ಬ್ಯಾಕಪ್ ಇದೆ, ಫೋನ್ ಇಲ್ಲ: ಫೋಟೋ, ವಿಡಿಯೋ ಹೊರಗೆ ತೆಗೆಯೋದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಕಳೆದ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಸುವಾಗ ನನ್ನ ಐಫೋನ್ 7 ಜೇಬಿನಿಂದ ಜಾರಿ ಬೋರ್ಡೋ ದ್ರಾವಣದ ಡ್ರಮ್ಮಿಗೆ ಬಿತ್ತು. ಮತ್ತೆ ಆನ್ ಆಗಲೇ ಇಲ್ಲ. ಅದರಲ್ಲಿ ಅಪ್ಪಯ್ಯನ ಫೋಟೋಗಳಿದ್ದವು. ಅವರು ನಮ್ಮ ಜಗಲಿಯಲ್ಲಿ ತಾಳಮದ್ದಳೆಗೆ ಕೂತು ಅರ್ಥ ಹೇಳಿದ ಒಂದು ಉದ್ದದ ವಿಡಿಯೋ ಇತ್ತು. ಈಗ ಅವರಿಲ್ಲ. ಅಕ್ಕನ ಮಗ ಊರಿಗೆ ಬಂದಿದ್ದಾಗ ಮನೆಯ ಲ್ಯಾಪ್‌ಟಾಪಿಗೆ ಐಟ್ಯೂನ್ಸ್ ಹಾಕಿ ಒಂದು ಬ್ಯಾಕಪ್ ತೆಗೆದಿಟ್ಟಿದ್ದ. ಆ ಫೋಲ್ಡರ್ ಸಿಕ್ಕಿದೆ, 38 ಜಿಬಿ ಇದೆ. ಆದರೆ ಒಳಗೆ 00, 01 ಅಂತ ನೂರಾರು ಫೋಲ್ಡರ್, ಅವುಗಳ ಒಳಗೆ ತಲೆಬುಡ ಇಲ್ಲದ ಹೆಸರಿನ ಫೈಲುಗಳು. ಒಂದೂ ತೆರೆಯುವುದಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ ಎಲ್ಲ ಕ್ಲೌಡಿಗೆ ಹಾಕಿ ಅಲ್ಲಿಂದ ಇಳಿಸಬೇಕು, ಖರ್ಚಾಗುತ್ತದೆ ಎಂದರು. ನಮ್ಮಲ್ಲಿ ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಕ್ಲೌಡಿನ ಗೊಡವೆಯೇ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಫೋಟೋಗಳು ಆ ಫೋಲ್ಡರಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಹೆಸರು ಮಾತ್ರ ಬದಲಾಗಿದೆ.

ಕ್ಲೌಡಿಗೆ ಹಾಕಿ ಇಳಿಸುವ ಮಾತಿನಲ್ಲಿ ಹುರುಳಿಲ್ಲ. ಈ ಫೋಲ್ಡರನ್ನು ಗೂಗಲ್ ಡ್ರೈವಿಗೆ ಹಾಕಿದರೆ ಅಲ್ಲೂ ಇದೇ 00, 01 ಕಾಣುತ್ತದೆ. ಅದನ್ನು ಬಿಡಿಸಿ ಫೋಟೋ ಮಾಡಿ ಕೊಡುವ ಕೆಲಸವನ್ನು ಗೂಗಲ್ ಮಾಡುವುದಿಲ್ಲ. ಆ್ಯಪಲ್‌ನ ಐಕ್ಲೌಡಿಗೆ ಹಾಕಿದರೂ ಅಷ್ಟೇ. ಲೆಕ್ಕವನ್ನೂ ನೋಡಿ: ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಸಿಕ್ಕಿತು ಅಂದುಕೊಂಡರೂ 38 ಜಿಬಿ ಏರಲು ಸುಮಾರು 42 ಗಂಟೆ ಬೇಕು. ಅಷ್ಟು ಹೊತ್ತು ಗುಡ್ಡದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂರೋದು ಆಗದ ಮಾತು.

ಮೊದಲು ಒಂದು ಎಚ್ಚರಿಕೆ. ಆ ಹಳೇ ಫೋನನ್ನು ಯಾರಾದರೂ ರಿಪೇರಿ ಮಾಡಿ ಆನ್ ಮಾಡಿಕೊಟ್ಟರೆ ಖುಷಿಯಲ್ಲಿ ಅದನ್ನು ಇದೇ ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ಐಟ್ಯೂನ್ಸ್ ಒಂದು ಫೋನಿಗೆ ಒಂದೇ ಫೋಲ್ಡರ್ ಇಡುತ್ತದೆ. ಹೊಸ ಬ್ಯಾಕಪ್ ಶುರುವಾದರೆ ಹಳೆಯದರ ಮೇಲೇ ಬರೆಯುತ್ತದೆ. ರಿಪೇರಿಯಲ್ಲಿ ಫೋನ್ ಖಾಲಿಯಾಗಿದ್ದರೆ ಖಾಲಿ ಫೋನಿನ ಬ್ಯಾಕಪ್ ನಿಮ್ಮ 38 ಜಿಬಿಯ ಜಾಗಕ್ಕೆ ಬಂದು ಕೂರುತ್ತದೆ. ಮೈಲುತುತ್ತ, ಸುಣ್ಣದ ನೀರಿನಲ್ಲಿ ಮುಳುಗಿದ ಬೋರ್ಡು ಬದುಕೋದು ಕಷ್ಟ, ಆದರೂ ಹೇಳಿಬಿಡುತ್ತೇನೆ.

ಆದ್ದರಿಂದ ಮೊದಲ ಕೆಲಸ ಕಾಪಿ. ಇಡೀ ಫೋಲ್ಡರನ್ನು ಇದ್ದ ಹಾಗೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಆ ಕಾಪಿಯ ಮೇಲೆ. ಲ್ಯಾಪ್‌ಟಾಪಿನಲ್ಲಿರುವ ಮೂಲವನ್ನು ಮುಟ್ಟಬೇಡಿ. ಒಳಗಿನ ಫೈಲುಗಳ ಹೆಸರು ಬದಲಿಸಬೇಡಿ, ‘ಕಸ’ ಅಂತ ಏನನ್ನೂ ಅಳಿಸಬೇಡಿ.

ಫೋಲ್ಡರ್ ಇನ್ನೂ ಸಿಗದ ಓದುಗರಿಗಾಗಿ ಜಾಗ ಹೇಳುತ್ತೇನೆ. ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪುಟ್ಟ ಡಬ್ಬಿಯಲ್ಲಿ ಆ್ಯಪ್‌ಡೇಟಾ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಹಿಂದೆ ಮುಂದೆ ಒಂದೊಂದು ಪರ್ಸೆಂಟ್ ಗುರುತು ಹಾಕಿ ಎಂಟರ್ ಕೊಡಿ. ಅಲ್ಲಿಂದ ಆ್ಯಪಲ್ ಕಂಪ್ಯೂಟರ್, ಮೊಬೈಲ್‌ಸಿಂಕ್, ಬ್ಯಾಕಪ್ ಎಂದು ಒಳಗೆ ಹೋಗಿ. ಐಟ್ಯೂನ್ಸನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿಕೊಂಡಿದ್ದರೆ ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಆ್ಯಪಲ್ ಎಂಬುದಿರುತ್ತದೆ, ಅದರೊಳಗೆ ಹುಡುಕಿ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಐಟ್ಯೂನ್ಸ್ ಹೋಗಿ ಆ ಕೆಲಸ ಫೈಂಡರಿಗೆ ಬಂದಿದೆ. ಬ್ಯಾಕಪ್ ಕೂರುವ ಜಾಗ ಮಾತ್ರ ಹಳೆಯದೇ: ಲೈಬ್ರರಿ, ಅಪ್ಲಿಕೇಶನ್ ಸಪೋರ್ಟ್, ಮೊಬೈಲ್‌ಸಿಂಕ್.

ಕಾಪಿ ಮಾಡುವಾಗ ಎರಡು ವಿಷಯ ಗಮನಿಸಿ. ಇದರಲ್ಲಿ ಸಣ್ಣ ಸಣ್ಣ ಫೈಲುಗಳು ಸಾವಿರಗಟ್ಟಲೆ ಇರುತ್ತವೆ, ಹಾಗಾಗಿ 38 ಜಿಬಿಯ ಒಂದೇ ಸಿನಿಮಾ ಫೈಲಿಗಿಂತ ಬಹಳ ಜಾಸ್ತಿ ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನನಗೆ ಗೊತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಇನ್ವರ್ಟರ್ ಲೈನಿಗೆ ಹಾಕಿ ಕೂರಿಸಿ. ಎರಡನೆಯದು ಡಿಸ್ಕಿನ ಫಾರ್ಮ್ಯಾಟ್. ಹಳೇ ಪೆನ್‌ಡ್ರೈವುಗಳು ಎಫ್ಎಟಿ32 ಇರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ. ಐಫೋನಿನಲ್ಲಿ ಒಂದು ನಿಮಿಷದ ಮಾಮೂಲಿ 1080ಪಿ ವಿಡಿಯೋ ಹೊಸ ಫಾರ್ಮ್ಯಾಟಿನಲ್ಲಿ ಸುಮಾರು 60 ಎಂಬಿ, ಹಳೇ ಫಾರ್ಮ್ಯಾಟಿನಲ್ಲಿ ಸುಮಾರು 130 ಎಂಬಿ ತಿನ್ನುತ್ತದೆ. ಒಂದು ಗಂಟೆಯ ತಾಳಮದ್ದಳೆ ಅಂದರೆ ಹತ್ತಿರ ಹತ್ತಿರ ಮೂರೂವರೆ ಜಿಬಿ, ಇಲ್ಲವೇ ಏಳೂಮುಕ್ಕಾಲು ಜಿಬಿ. ನಿಮಗೆ ಬೇಕಾದ ಫೈಲೇ ಹಿಂದೆ ಉಳಿದುಬಿಟ್ಟೀತು. ಡಿಸ್ಕ್ ಎನ್‌ಟಿಎಫ್ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಕಾಪಿ ಮುಗಿದ ಮೇಲೆ ಎರಡೂ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲುಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು.

ಈಗ ಬ್ಯಾಕಪ್ ಒಳಗೆ ಏನಿದೆ, ಏನಿಲ್ಲ ಅಂತ ನೋಡೋಣ. ಯಾವ ಸಾಫ್ಟ್‌ವೇರಿಗೂ ದುಡ್ಡು ಕೊಡುವ ಮೊದಲು ಇದಾಗಬೇಕು.

ಮೊದಲು ತಾರೀಖು. 00ಯಿಂದ ಶುರುವಾಗುವ ಫೋಲ್ಡರುಗಳ ಪಕ್ಕದಲ್ಲೇ ಇನ್ಫೋ ಪಿಲಿಸ್ಟ್ ಎಂಬ ಒಂದು ಪುಟ್ಟ ಫೈಲ್ ಇರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಫೋನಿನ ಹೆಸರು, ಮಾಡೆಲ್, ಕೊನೆಯ ಬ್ಯಾಕಪ್ ಆದ ದಿನ ಓದಲು ಸಿಗುತ್ತದೆ. ಅಪ್ಪಯ್ಯನ ತಾಳಮದ್ದಳೆ ಆ ದಿನಕ್ಕಿಂತ ಮೊದಲು ನಡೆದಿತ್ತಾ? ಆಮೇಲೆ ನಡೆದಿದ್ದರೆ ಈ ಫೋಲ್ಡರಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಆಗ ಆ ವಿಡಿಯೋವನ್ನು ಯಾರಿಗೆಲ್ಲ ಕಳಿಸಿದ್ದಿರಿ ಅಂತ ನೆನಪು ಮಾಡಿಕೊಳ್ಳುವುದೇ ಒಳ್ಳೆಯದು.

ಆಮೇಲೆ ಐಕ್ಲೌಡ್ ಫೋಟೋಸ್. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಫೋನಿನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋಟೋಗಳು ಹೇಗೂ ಕ್ಲೌಡಿನಲ್ಲಿವೆ ಅಂತ ಐಟ್ಯೂನ್ಸ್ ಅವನ್ನು ಬ್ಯಾಕಪ್ಪಿಗೆ ಸೇರಿಸುವುದಿಲ್ಲ. ಅಂಥ ಬ್ಯಾಕಪ್ಪುಗಳು ಸಾಮಾನ್ಯವಾಗಿ ಕೆಲವೇ ಜಿಬಿ ಇರುತ್ತವೆ. ನಿಮ್ಮದು 38 ಜಿಬಿ, ಒಳ್ಳೆಯ ಸೂಚನೆ. ಹಾಗಂತ ಖಾತ್ರಿ ಅಲ್ಲ, ವಾಟ್ಸ್ಆ್ಯಪ್ ಒಂದೇ ಅಷ್ಟು ತಿಂದಿರಲೂಬಹುದು. ಆದರೆ ನಿಮ್ಮ ಕಡೆಯ ನೆಟ್‌ವರ್ಕಿನಲ್ಲಿ ಐಕ್ಲೌಡ್ ಫೋಟೋಸ್ ನಡೆಸುತ್ತಿದ್ದಿರಿ ಅಂದರೆ ನಾನು ನಂಬುವುದಿಲ್ಲ. ಪುಕ್ಕಟೆ ಸಿಗುವ 5 ಜಿಬಿ ಯಾವತ್ತೋ ತುಂಬಿ ನಿಂತಿರುತ್ತಿತ್ತು.

ಮೂರನೆಯದು ಪಾಸ್‌ವರ್ಡ್. ಬ್ಯಾಕಪ್ ತೆಗೆಯುವಾಗ ‘ಎನ್‌ಕ್ರಿಪ್ಟ್’ ಎಂಬಲ್ಲಿ ಟಿಕ್ ಹಾಕಿದ್ದರೆ ಎಲ್ಲಕ್ಕೂ ಬೀಗ ಬಿದ್ದಿರುತ್ತದೆ. ನೋಡೋದು ಸುಲಭ. ಐಟ್ಯೂನ್ಸ್ ತೆರೆದು ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಡಿವೈಸಸ್ ಒತ್ತಿ. ನಿಮ್ಮ ಬ್ಯಾಕಪ್ಪಿನ ಸಾಲಿನಲ್ಲಿ ಪುಟ್ಟ ಬೀಗದ ಚಿತ್ರ ಇದ್ದರೆ ಪಾಸ್‌ವರ್ಡ್ ಬೇಕು, ಇಲ್ಲದಿದ್ದರೆ ಬೇಡ. ಬೇಕಿದ್ದರೆ ಅಕ್ಕನ ಮಗನಿಗೆ ಫೋನ್ ಮಾಡಿ. ಅದು ಆ್ಯಪಲ್ ಐಡಿಯ ಪಾಸ್‌ವರ್ಡೇ ಆಗಬೇಕೆಂದಿಲ್ಲ, ಫೋನ್ ತೆರೆಯುವ ನಂಬರೇ ಆಗಬೇಕೆಂದೂ ಇಲ್ಲ. ಅವತ್ತು ಅವನು ಕಂಪ್ಯೂಟರಿನಲ್ಲಿ ಏನು ಹೊಡೆದನೋ ಅದು. ಹುಡುಗರು ಇಂಥ ಕಡೆ ತಮ್ಮ ಮಾಮೂಲಿ ಪಾಸ್‌ವರ್ಡನ್ನೇ ಹಾಕಿಬಿಡುತ್ತಾರೆ, ಕೇಳಿ ನೋಡಿ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು, ಫೈಲಿಗೆ ಏನೂ ಆಗುವುದಿಲ್ಲ.

ಮರೆತೇ ಹೋಗಿದ್ದರೆ? ‘ಪಾಸ್‌ವರ್ಡ್ ಒಡೆದು ಕೊಡುತ್ತೇವೆ’ ಅನ್ನುವವರಿಗೆ ಮುಂಗಡ ಕೊಡಬೇಡಿ. ಐಒಎಸ್ 10.2ರಿಂದ ಆ್ಯಪಲ್ ಒಂದೊಂದು ಪಾಸ್‌ವರ್ಡ್ ಪರೀಕ್ಷೆಗೂ ಒಂದು ಕೋಟಿ ಸುತ್ತಿನ ಲೆಕ್ಕ ಮಾಡಿಸುತ್ತದೆ. ಸರಿಯಾದ ಪಾಸ್‌ವರ್ಡ್ ಹಾಕುವವರಿಗೆ ಒಂದಿಷ್ಟು ಸೆಕೆಂಡ್ ಕಾಯುವ ಕೆಲಸ, ಅಷ್ಟೇ. ಕುರುಡಾಗಿ ಲಕ್ಷಗಟ್ಟಲೆ ಹಾಕಿ ನೋಡುವವರಿಗೆ ಅದೇ ದೊಡ್ಡ ಗೋಡೆ. ಸಣ್ಣ, ಊಹಿಸಬಹುದಾದ ಪಾಸ್‌ವರ್ಡ್ ಆಗಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಸೆಟ್ಟಿಂಗ್ಸ್ ರಿಸೆಟ್ ಮಾಡಿದರೆ ಪಾಸ್‌ವರ್ಡ್ ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಅದು ಫೋನ್ ಕೈಯಲ್ಲಿ ಬದುಕಿದ್ದಾಗ, ಮುಂದೆ ತೆಗೆಯುವ ಹೊಸ ಬ್ಯಾಕಪ್ಪಿನ ಮಾತು. ಹಳೇ ಬ್ಯಾಕಪ್ಪಿನ ಬೀಗ ಅದರಿಂದ ತೆರೆಯುವುದಿಲ್ಲ.

ಬೀಗ ಇಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ.

ಈ ವಿಚಿತ್ರ ಹೆಸರುಗಳು ಬಂದದ್ದು ಎಲ್ಲಿಂದ? ಅಡಿಕೆ ಮಂಡಿಯಲ್ಲಿ ಮೂಟೆ ಇಡುವ ಹಾಗೇ ಇದೂ. ಮೂಟೆಯ ಮೇಲೆ ಲಾಟ್ ನಂಬರು ಮಾತ್ರ. ಯಾರ ಅಡಿಕೆ, ರಾಶಿಯೋ ಬೆಟ್ಟೆಯೋ ಅನ್ನುವುದೆಲ್ಲ ಖಾತೆ ಪುಸ್ತಕದಲ್ಲಿ. ಐಟ್ಯೂನ್ಸ್ ಪ್ರತಿ ಫೈಲಿನ ವಿಳಾಸವನ್ನು, ಅಂದರೆ ಅದು ಫೋನಿನಲ್ಲಿ ಎಲ್ಲಿತ್ತು ಅನ್ನುವುದನ್ನು, ಎಸ್ಎಚ್ಎ-1 ಎಂಬ ಲೆಕ್ಕಕ್ಕೆ ಹಾಕುತ್ತದೆ. ಹೊರಗೆ ಬರುವ 40 ಅಕ್ಷರ-ಅಂಕಿಗಳ ಸಾಲೇ ಆ ಫೈಲಿನ ಹೊಸ ಹೆಸರು. ಹೆಸರಿನ ಮೊದಲ ಎರಡು ಅಕ್ಷರ ನೋಡಿ ಅದನ್ನು ಅದೇ ಹೆಸರಿನ ಫೋಲ್ಡರಿಗೆ ಹಾಕುತ್ತದೆ. 00ಯಿಂದ ಎಫ್ಎಫ್‌ವರೆಗೆ 256 ಫೋಲ್ಡರ್ ಬಂದದ್ದು ಹಾಗೆ. ವಿಳಾಸ ಒಂದೇ ಆದರೆ ಹೆಸರೂ ಒಂದೇ. ಅದಕ್ಕೇ ಯಾರ ಐಫೋನ್ ಬ್ಯಾಕಪ್ ತೆರೆದರೂ ಎಸ್ಎಂಎಸ್‌ಗಳ ಡೇಟಾಬೇಸ್ 3ಡಿ ಎಂಬ ಫೋಲ್ಡರಿನಲ್ಲೇ ಸಿಗುತ್ತದೆ. ಒಳಗಿರುವ ಫೋಟೋ ಮಾತ್ರ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದರೆ ತೆರೆಯದಿರಲು ಕಾರಣ ಹೆಸರಿನ ಕೊನೆಯಲ್ಲಿ ಜೆಪಿಜಿ, ಎಂಒವಿ ಎಂಬ ಬಾಲ ಇಲ್ಲದಿರುವುದು. ವಿಂಡೋಸಿಗೆ ಬಾಲ ಇಲ್ಲದೆ ಗುರುತು ಸಿಗುವುದಿಲ್ಲ.

ಇದು ನಿಜವೋ ಸುಳ್ಳೋ ಅಂತ ಈಗಲೇ ನೋಡಬಹುದು. ಕಾಪಿಯ ಫೋಲ್ಡರ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಹಾಕಿ. ಎಲ್ಲ ಫೋಲ್ಡರುಗಳ ಫೈಲುಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಅದನ್ನು ಸೈಜ್ ಪ್ರಕಾರ, ದೊಡ್ಡದು ಮೇಲೆ ಬರುವ ಹಾಗೆ ಜೋಡಿಸಿ. ಮೇಲ್ಗಡೆ ನೂರಾರು ಎಂಬಿ, ಜಿಬಿಯ ಫೈಲುಗಳು ಕಂಡರೆ ಅವು ಬಹುತೇಕ ವಿಡಿಯೋಗಳೇ. ವಿಎಲ್‌ಸಿ ಪ್ಲೇಯರ್ ತೆರೆದು, ಮೊದಲನೇ ಫೈಲನ್ನು ಮೌಸಿನಲ್ಲಿ ಎಳೆದು ಅದರೊಳಗೆ ಬಿಡಿ. ವಿಎಲ್‌ಸಿ ಬಾಲ ನೋಡುವುದಿಲ್ಲ, ಒಳಗೆ ಏನಿದೆ ಅಂತ ನೋಡುತ್ತದೆ. ಹೆಸರಿಲ್ಲದ ಆ ಫೈಲ್ ಹಾಗೇ ಓಡುತ್ತದೆ. ನಿಮ್ಮ ತಾಳಮದ್ದಳೆ ಉದ್ದದ ವಿಡಿಯೋ ಆದ್ದರಿಂದ ಪಟ್ಟಿಯ ಮೊದಲ ನಾಲ್ಕೈದರಲ್ಲೇ ಸಿಗಬೇಕು. ಸಿಕ್ಕಿದರೆ ಆ ಫೈಲನ್ನು ಬೇರೆ ಕಡೆಗೆ ಕಾಪಿ ಮಾಡಿ, ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಂಒವಿ ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಅದೊಂದೇ ಬೇಕಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು. ಪೈಸೆ ಖರ್ಚಿಲ್ಲ.

ಎಲ್ಲ ಫೋಟೋಗಳೂ ಬೇಕು ಅಂದರೆ ಖಾತೆ ಪುಸ್ತಕ ತೆರೆಯಬೇಕು. ಅದರ ಹೆಸರು ಮ್ಯಾನಿಫೆಸ್ಟ್ ಡಿಬಿ. ಐಒಎಸ್ 10, ಅಂದರೆ 2016ರಿಂದ ಇದು ಎಸ್‌ಕ್ಯೂಲೈಟ್ ಎಂಬ ಸಾಮಾನ್ಯ ಡೇಟಾಬೇಸ್ ಫೈಲ್. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ಗುಡ್ಡದ ಮೇಲಿಂದಲೂ ಇಳಿಸಿಕೊಳ್ಳುವಷ್ಟು ಚಿಕ್ಕದು. ಅದರಲ್ಲಿ ಈ ಫೈಲನ್ನು ರೀಡ್ ಓನ್ಲಿಯಾಗಿ ತೆರೆದು, ಬ್ರೌಸ್ ಡೇಟಾ ಒತ್ತಿ, ಫೈಲ್ಸ್ ಎಂಬ ಟೇಬಲ್ ಆರಿಸಿ. ಫೈಲ್ಐಡಿ, ಡೊಮೇನ್, ರಿಲೇಟಿವ್‌ಪಾತ್ ಎಂಬ ಕಾಲಂಗಳು ಕಾಣುತ್ತವೆ. ಡೊಮೇನ್ ಕಾಲಂನ ತಲೆಯ ಕೆಳಗಿರುವ ಖಾಲಿ ಜಾಗದಲ್ಲಿ ಕ್ಯಾಮೆರಾರೋಲ್ ಎಂದು ಇಂಗ್ಲಿಷಿನಲ್ಲಿ ಹಾಕಿ, ರಿಲೇಟಿವ್‌ಪಾತ್ ಕೆಳಗೆ ಡಿಸಿಐಎಂ ಎಂದು ಹಾಕಿ. ಉಳಿಯುವ ಸಾಲುಗಳೇ ನಿಮ್ಮ ಕ್ಯಾಮೆರಾದ ಫೋಟೋ, ವಿಡಿಯೋ. (ಇದು ‘ಡೇಟಾಬೇಸ್ ಅಲ್ಲ’ ಎಂದು ಹೇಳಿ ತೆರೆಯದೆ ಹೋದರೆ ಬ್ಯಾಕಪ್ಪಿಗೆ ಬೀಗ ಇದೆ ಎಂದು ತಿಳಿಯಿರಿ, ಖಾತೆ ಪುಸ್ತಕಕ್ಕೂ ಬೀಗ ಬಿದ್ದಿರುತ್ತದೆ.)

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ರಿಲೇಟಿವ್‌ಪಾತ್‌ನಲ್ಲಿ ಮೀಡಿಯಾ, ಡಿಸಿಐಎಂ, 104ಆ್ಯಪಲ್, ಕೊನೆಗೆ ಐಎಂಜಿ_4127 ಎಂಒವಿ ಅಂತ ಇದೆ ಅಂದುಕೊಳ್ಳಿ. ಅದೇ ಸಾಲಿನ ಫೈಲ್ಐಡಿ ಎ7 ಎಂದು ಶುರುವಾಗುತ್ತದೆ. ಹಾಗಾದರೆ ಎ7 ಎಂಬ ಫೋಲ್ಡರಿಗೆ ಹೋಗಿ, ಅದೇ 40 ಅಕ್ಷರದ ಹೆಸರಿನ ಫೈಲ್ ಹುಡುಕಿ, ಕಾಪಿ ಮಾಡಿ, ಐಎಂಜಿ_4127 ಎಂದು ಹೆಸರಿಟ್ಟು ಬಾಲ ಸೇರಿಸಿ. ಹತ್ತು ಹದಿನೈದು ಫೋಟೋಗಾದರೆ ಹೀಗೆ ಕೈಯಲ್ಲೇ ಮಾಡಬಹುದು. ಸಾವಿರ ಇದ್ದರೆ ಹುಚ್ಚು ಹಿಡಿಯುತ್ತದೆ.

ಸಾವಿರಗಳಿಗೆ ಎರಡು ದಾರಿ. ಅಕ್ಕನ ಮಗನಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಇದು ಇಪ್ಪತ್ತು ಮೂವತ್ತು ಸಾಲಿನ ಸ್ಕ್ರಿಪ್ಟ್. ಎಸ್‌ಕ್ಯೂಲೈಟ್ ಓದುವ ಸೌಲಭ್ಯ ಪೈಥಾನಿನ ಜೊತೆಗೇ ಬರುತ್ತದೆ. ಡೊಮೇನ್ ಕ್ಯಾಮೆರಾರೋಲ್ ಇರುವ ಸಾಲುಗಳನ್ನು ಓದುವುದು, ಫೈಲ್ಐಡಿ ನೋಡಿ ಫೈಲ್ ಎತ್ತುವುದು, ಮೂಲ ಹೆಸರಿನಲ್ಲಿ ಬೇರೆ ಕಡೆ ಇಡುವುದು, ಇಷ್ಟೇ ಕೆಲಸ. ಒಂದು ವಿಷಯ ಮಾತ್ರ ಅವನಿಗೆ ತಪ್ಪದೆ ಹೇಳಿ: ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯಬಾರದು. 100ಆ್ಯಪಲ್, 101ಆ್ಯಪಲ್ ಎಂಬ ಒಳಫೋಲ್ಡರುಗಳನ್ನು ಹಾಗೇ ಉಳಿಸಿಕೊಳ್ಳಬೇಕು. ಐಫೋನಿನ ಫೋಟೋ ನಂಬರು 9999 ಆದ ಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಒಂದೇ ಹೆಸರಿನ ಎರಡು ಫೋಟೋ ಬಂದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಫೋಟೋ ಹೋದದ್ದು ಗೊತ್ತಾಗುವುದೂ ಇಲ್ಲ.

ಇನ್ನೊಂದು ದಾರಿ ರೆಡಿಮೇಡ್ ಸಾಫ್ಟ್‌ವೇರ್. ಐಮೇಜಿಂಗ್, ಐಫೋನ್ ಬ್ಯಾಕಪ್ ಎಕ್ಸ್‌ಟ್ರ್ಯಾಕ್ಟರ್, ಐಬ್ಯಾಕಪ್ ವ್ಯೂವರ್ ಇವು ಹೆಸರು ಮಾಡಿದವು. ಬ್ಯಾಕಪ್ ಎಲ್ಲಿದೆ ಅಂತ ತೋರಿಸಿದರೆ ಫೋಟೋಗಳನ್ನು ಚಿತ್ರವಾಗಿಯೇ ತೋರಿಸಿ, ಬೇಕಾದ ಕಡೆಗೆ ಇಳಿಸುತ್ತವೆ. ಬೀಗ ಇದ್ದರೆ ಪಾಸ್‌ವರ್ಡ್ ಕೇಳುತ್ತವೆ. ನನ್ನ ಸಲಹೆ ಏನಂದರೆ ಮೊದಲು ಪುಕ್ಕಟೆ ಆವೃತ್ತಿ ಹಾಕಿ, ನಿಮ್ಮ ಫೋಟೋಗಳು ಕಣ್ಣಿಗೆ ಬೀಳುತ್ತವಾ ನೋಡಿ. ಬಿದ್ದರೆ ಆಮೇಲೆ ಕೊಳ್ಳುವ ಯೋಚನೆ ಮಾಡಿ. ಕಾಣದ ಫೋಟೋವನ್ನು ದುಡ್ಡು ಕೊಟ್ಟ ಆವೃತ್ತಿಯೂ ಸೃಷ್ಟಿ ಮಾಡುವುದಿಲ್ಲ. ಹುಡುಕಿದರೆ ಇದೇ ಥರದ ಹೆಸರಿನ ಹತ್ತಾರು ಸಾಫ್ಟ್‌ವೇರುಗಳು ಬರುತ್ತವೆ, ಎಲ್ಲವನ್ನೂ ಹಾಕಿಕೊಂಡು ಲ್ಯಾಪ್‌ಟಾಪ್ ಕೆಡಿಸಿಕೊಳ್ಳಬೇಡಿ. ಇಳಿಸಿಕೊಂಡ ಮೇಲೆ ನೆಟ್ ಬಂದ್ ಮಾಡಿ ನಡೆಸಿ. ಸ್ಥಳೀಯ ಬ್ಯಾಕಪ್ ಓದಲು ನೆಟ್ ಬೇಕಿಲ್ಲ, ಲೈಸೆನ್ಸ್ ಹಾಕುವಾಗ ಮಾತ್ರ ಬೇಕಾಗಬಹುದು.

ಬೇರೆ ಐಫೋನಿಗೆ ಈ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ ಅಲ್ಲಿಂದ ಫೋಟೋ ತೆಗೆಯುವುದೂ ಒಂದು ದಾರಿಯೇ. ಆದರೆ ಆ ಫೋನಿನಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ನೆಂಟರ ಫೋನ್ ಎರವಲು ತಂದು ಈ ಪ್ರಯೋಗ ಮಾಡಬೇಡಿ. ಖಾಲಿ ಹಳೇ ಐಫೋನ್ ಯಾರ ಬಳಿಯಾದರೂ ಇದ್ದರೆ, ಅದರ ಐಒಎಸ್ ನಿಮ್ಮ ಬ್ಯಾಕಪ್ಪಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದು ಇದ್ದರೆ, ಸರಿ.

ವಾಟ್ಸ್ಆ್ಯಪ್ಪಿನಲ್ಲಿ ಬಂದ ಫೋಟೋಗಳನ್ನು ಮರೆಯಬೇಡಿ. ನೆಂಟರು ಕಳಿಸಿದ ಅಪ್ಪಯ್ಯನ ಫೋಟೋಗಳು ನಿಮ್ಮ ಕ್ಯಾಮೆರಾ ಸಾಲುಗಳಲ್ಲಿ ಇಲ್ಲದೆ ಹೋಗಬಹುದು. ಅದೇ ಟೇಬಲ್ಲಿನಲ್ಲಿ ಡೊಮೇನ್ ಕೆಳಗೆ ವಾಟ್ಸ್ಆ್ಯಪ್ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಅದರ ಸಾಲುಗಳು ಬೇರೆ ಬರುತ್ತವೆ. ಮೆಸೇಜ್, ಮೀಡಿಯಾ ಎಂಬ ದಾರಿಯಲ್ಲಿರುವವು ಫೋಟೋ, ವಿಡಿಯೋ, ವಾಯ್ಸ್ ಮೆಸೇಜುಗಳು. ಅವರ ದನಿಯ ವಾಯ್ಸ್ ಮೆಸೇಜ್ ಒಂದೆರಡು ಸಿಕ್ಕರೂ ಸಿಗಬಹುದು.

ಫೋಟೋಗಳು ಹೊರಗೆ ಬಂದ ಮೇಲೆ ಕೆಲವು ವಿಚಿತ್ರಗಳು ಕಾಣುತ್ತವೆ, ಗಾಬರಿ ಬೇಡ. ಒಂದೇ ನಂಬರಿನ ಒಂದು ಫೋಟೋ, ಎರಡು ಮೂರು ಸೆಕೆಂಡಿನ ಒಂದು ವಿಡಿಯೋ ಜೊತೆಯಾಗಿ ಬಂದರೆ ಅದು ಲೈವ್ ಫೋಟೋ. ಎರಡನ್ನೂ ಇಟ್ಟುಕೊಳ್ಳಿ. ನೀವು ಕತ್ತರಿಸಿ, ಬಣ್ಣ ಸರಿ ಮಾಡಿದ್ದ ಫೋಟೋಗಳು ಮೊದಲಿದ್ದ ರೂಪದಲ್ಲಿ ಕಾಣಬಹುದು. ಡಿಸಿಐಎಂನಲ್ಲಿ ಇರುವುದು ಮೂಲ ಫೋಟೋ, ತಿದ್ದಿದ್ದು ಫೋಟೋಡೇಟಾ ಒಳಗೆ ಮ್ಯುಟೇಶನ್ಸ್ ಎಂಬ ದಾರಿಯಲ್ಲಿರುತ್ತದೆ. ಹಾಗೇ, ಬ್ಯಾಕಪ್ ಆಗುವ ಹೊತ್ತಿಗೆ ರೀಸೆಂಟ್ಲಿ ಡಿಲೀಟೆಡ್‌ನಲ್ಲಿದ್ದ ಫೋಟೋಗಳು, ಹಿಡನ್ ಮಾಡಿಟ್ಟ ಫೋಟೋಗಳು ಎಲ್ಲ ಸಾಲಾಗಿ ಎದ್ದು ಬರುತ್ತವೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಟಿವಿಯಲ್ಲಿ ತೋರಿಸುವ ಮೊದಲು ಒಮ್ಮೆ ನೀವೇ ನೋಡಿಕೊಳ್ಳುವುದು ಕ್ಷೇಮ.

ಐಫೋನ್ 7ರಲ್ಲಿ ಐಒಎಸ್ 11 ಬಂದ ಮೇಲೆ ತೆಗೆದ ಫೋಟೋಗಳು ಎಚ್ಇಐಸಿ ಎಂಬ ಫಾರ್ಮ್ಯಾಟಿನಲ್ಲಿರಬಹುದು. ವಿಂಡೋಸಿನಲ್ಲಿ ತೆರೆಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಎಚ್ಇಐಎಫ್ ಇಮೇಜ್ ಎಕ್ಸ್‌ಟೆನ್ಶನ್ಸ್ ಎಂಬುದನ್ನು ಹಾಕಿಕೊಳ್ಳಬೇಕು. ಅದರ ಜೊತೆಗಿನ ಎಚ್ಇವಿಸಿ ತುಣುಕಿಗೆ ಸ್ವಲ್ಪ ದುಡ್ಡು ಕೇಳುತ್ತಾರೆ. ವಿಡಿಯೋಗೆ ವಿಎಲ್‌ಸಿ ಸಾಕು. ಹಂಚಲು ಜೆಪಿಜಿ ಕಾಪಿ ಮಾಡಿಕೊಳ್ಳಿ, ಮೂಲವನ್ನು ಅಳಿಸಬೇಡಿ. ಟಿವಿಗೆ ಪೆನ್‌ಡ್ರೈವ್ ಹಾಕಿದಾಗ ವಿಡಿಯೋ ಬರದೆ ಬರೀ ದನಿ ಬಂದರೆ ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಎಚ್.264 ಎಂಬ ಹಳೇ ವಿಡಿಯೋ ಫಾರ್ಮ್ಯಾಟಿಗೆ ಬದಲಿಸಿ.

ತಾರೀಖಿನ ಗೊಂದಲ ಎಲ್ಲರಿಗೂ ಬರುತ್ತದೆ. ಕಾಪಿ ಮಾಡಿದ ದಿನವೇ ಫೈಲಿನ ದಿನ ಅಂತ ವಿಂಡೋಸ್ ತೋರಿಸಬಹುದು. ನಿಜವಾದ ದಿನ ಫೋಟೋದ ಒಳಗೇ, ಎಕ್ಸಿಫ್ ಎಂಬ ಮಾಹಿತಿಯಲ್ಲಿ ಭದ್ರವಾಗಿರುತ್ತದೆ. ಎಕ್ಸಿಫ್‌ಟೂಲ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಅದನ್ನು ಓದಿ ಸಾವಿರ ಫೋಟೋಗಳಿಗೂ ಒಂದೇ ಸಲ ಸರಿ ದಿನದ ಹೆಸರು ಕೊಡುತ್ತದೆ. ವಿಡಿಯೋದಲ್ಲಿ ಮಾತ್ರ ಒಂದು ತಿರುವು ಇದೆ. ಅದರೊಳಗಿನ ಒಂದು ಸಮಯ ನಮ್ಮ ಗಡಿಯಾರದ್ದಲ್ಲ, ಗ್ರೀನಿಚ್ ಲೆಕ್ಕದ್ದು, ಐದೂವರೆ ಗಂಟೆ ಹಿಂದೆ. ಸಂಜೆಯ ವಿಡಿಯೋ ಆದರೆ ದಿನ ಸರಿಯಾಗೇ ಕಾಣುತ್ತದೆ. ತಾಳಮದ್ದಳೆ ಹೇಗೂ ನಡುರಾತ್ರಿ ದಾಟುತ್ತದಲ್ವಾ? ಹನ್ನೆರಡರಿಂದ ಬೆಳಗಿನ ಐದೂವರೆಯ ಒಳಗೆ ತೆಗೆದ ವಿಡಿಯೋ ಹಿಂದಿನ ದಿನದ ತಾರೀಖು ತೋರಿಸಿದರೆ ಅದಕ್ಕೆ ಇದೇ ಕಾರಣ. ವಾಟ್ಸ್ಆ್ಯಪ್ಪಿನಲ್ಲಿ ಬಂದ ಫೋಟೋಗಳಲ್ಲಿ ಎಕ್ಸಿಫ್ ಸಾಮಾನ್ಯವಾಗಿ ಇರುವುದಿಲ್ಲ, ಅವುಗಳ ದಿನವನ್ನು ನೀವೇ ನೆನಪಿನಿಂದ ಬರೆಯಬೇಕು.

ಆಂಡ್ರಾಯ್ಡ್ ಇರುವವರೂ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ, ಅವರಿಗೆ ಎರಡು ಮಾತು. ಅಲ್ಲಿ ಫೋನ್ ಬದುಕಿದ್ದರೆ ಬ್ಯಾಕಪ್ಪಿನ ತಂಟೆ ಬೇಡ, ಕೇಬಲ್ ಹಾಕಿ ಫೈಲ್ ಟ್ರಾನ್ಸ್‌ಫರ್ ಒತ್ತಿದರೆ ಡಿಸಿಐಎಂ ಫೋಲ್ಡರ್ ನೇರ ಕಾಣುತ್ತದೆ. ವಾಟ್ಸ್ಆ್ಯಪ್ ಫೋಟೋಗಳು ಆಂಡ್ರಾಯ್ಡ್ 11ರಿಂದ ಈಚೆಗೆ ಆಂಡ್ರಾಯ್ಡ್, ಮೀಡಿಯಾ ಎಂಬ ಫೋಲ್ಡರುಗಳ ಒಳಗಿವೆ. ಚಾಟ್ ಬ್ಯಾಕಪ್ಪಿಗೆ ಬೀಗ ಇದ್ದರೂ ಆ ಫೋಟೋಗಳಿಗೆ ಬೀಗ ಇಲ್ಲ. ಕಂಪ್ಯೂಟರಿನಲ್ಲಿ ಬಾಲ ಎಬಿ ಎಂದಿರುವ ಒಂದೇ ದೊಡ್ಡ ಫೈಲ್ ಇದ್ದರೆ ಅದು ಎಡಿಬಿ ಬ್ಯಾಕಪ್, ಅಂದರೆ ಕಂಪ್ಯೂಟರಿನಿಂದ ಕಮಾಂಡ್ ಕೊಟ್ಟು ತೆಗೆದದ್ದು. ಆಂಡ್ರಾಯ್ಡ್ ಬ್ಯಾಕಪ್ ಎಕ್ಸ್‌ಟ್ರ್ಯಾಕ್ಟರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಅದನ್ನು ಬಿಚ್ಚುತ್ತದೆ. ಆದರೆ ಬ್ಯಾಕಪ್ ತೆಗೆಯುವಾಗ ಶೇರ್ಡ್ ಸ್ಟೋರೇಜ್ ಸೇರಿಸಿದ್ದರೆ ಮಾತ್ರ ಫೋಟೋ ಅದರಲ್ಲಿರುತ್ತದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ಮಾಡಲು ಕೈ ಬರದೆ ಅಂಗಡಿಗೇ ಕೊಡುವುದಾದರೆ ಲ್ಯಾಪ್‌ಟಾಪ್ ಕೊಡಬೇಡಿ, ಕಾಪಿ ಇರುವ ಡಿಸ್ಕ್ ಕೊಡಿ. ಆ ಫೋಲ್ಡರಿನಲ್ಲಿ ಫೋಟೋ ಒಂದೇ ಅಲ್ಲ, ನಿಮ್ಮ ಎಸ್ಎಂಎಸ್, ಕಾಂಟ್ಯಾಕ್ಟ್, ನೋಟ್ಸ್ ಎಲ್ಲ ಇದೆ. ಬ್ಯಾಂಕಿನ ಮೆಸೇಜುಗಳೂ ಇವೆ. ಸಾಧ್ಯವಾದರೆ ಪಕ್ಕದಲ್ಲೇ ಕೂತು ಮಾಡಿಸಿ, ಕೆಲಸ ಮುಗಿದ ಮೇಲೆ ಅವರ ಕಂಪ್ಯೂಟರಿನಿಂದ ಅಳಿಸಿದ್ದನ್ನು ನೋಡಿ ಬನ್ನಿ. ‘ಮ್ಯಾನಿಫೆಸ್ಟ್ ಡಿಬಿ ನೋಡಿ ತೆಗೆಯುತ್ತೀರಾ?’ ಅಂತ ಕೇಳಿ. ಅವರ ಮುಖ ನೋಡಿದರೆ ಕೊಡಬೇಕೋ ಬೇಡವೋ ಗೊತ್ತಾಗುತ್ತದೆ.

ಹೊರಗೆ ಬಂದ ಫೋಟೋಗಳನ್ನು ಎರಡು ಡಿಸ್ಕಿನಲ್ಲಿಡಿ. ಒಂದು ನಿಮ್ಮಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ, ಮುಂದಿನ ಸಲ ಅವರು ಬಂದಾಗ ಕೈಗೆ ಕೊಟ್ಟು ಕಳಿಸಿ. ಪೆನ್‌ಡ್ರೈವನ್ನು ಓಡಾಟಕ್ಕೆ ಮಾತ್ರ ಬಳಸಿ, ವರ್ಷಗಟ್ಟಲೆ ಇಡಲು ಅದನ್ನು ನಂಬಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಡಿಸ್ಕನ್ನು ಗೋಡೆ ಕಪಾಟಿನಲ್ಲಾಗಲಿ, ಒಲೆಯ ಹೊಗೆ ಹೋಗುವ ಅಟ್ಟದಲ್ಲಾಗಲಿ ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ, ದೀಪಾವಳಿ ಹೊತ್ತಿಗೆ ಒಮ್ಮೆ ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿ. 38 ಜಿಬಿಯ ಮೂಲ ಬ್ಯಾಕಪ್ ಫೋಲ್ಡರನ್ನೂ ಈಗಲೇ ಅಳಿಸಬೇಡಿ. ಯಾವುದೋ ಒಂದು ಫೋಟೋ ಬಂದಿಲ್ಲ ಅಂತ ಆರು ತಿಂಗಳ ಮೇಲೆ ನೆನಪಾದರೆ ಅದನ್ನೇ ಮತ್ತೆ ತೆರೆಯಬೇಕಾಗುತ್ತದೆ. ಡಿಬಿ ಬ್ರೌಸರಿನಲ್ಲಿ ಏನಾದರೂ ಎರರ್ ಬಂದರೆ ಆ ಸಾಲನ್ನು ಹಾಗೇ ಬರೆದು ಕಳಿಸಿ, ಇನ್ಫೋ ಫೈಲಿನಲ್ಲಿ ಕಂಡ ತಾರೀಖನ್ನೂ ಸೇರಿಸಿ.